ಐದು ದಿನಕ್ಕೆ ಮೂರು ರಾಜಧಾನಿ ಬೇಡ, ವಿಯೆನ್ನಾ ಒಂದೇ ಸಾಕು

ಪ್ರಶ್ನೆ: ನಾವು ಮೈಸೂರಿನವರು. ನಾನು, ನನ್ನ ಯಜಮಾನರು ಮತ್ತು 66 ವರ್ಷದ ಅಮ್ಮ ಈ ಚಳಿಗಾಲದಲ್ಲಿ ಯೂರೋಪಿಗೆ ಹೋಗಬೇಕು ಅಂತಿದ್ದೇವೆ. ಓಡಾಟ ಬಿಟ್ಟು ಐದು ಪೂರ್ತಿ ದಿನ ಸಿಗುತ್ತದೆ. ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ಮೂರನ್ನೂ ನೋಡಿ ಬರುವ ಆಸೆ. ಅಮ್ಮ ವೀಣೆ ಕಲಿತವರು, ಸಂಗೀತ ಅಂದರೆ ಪ್ರಾಣ. ಆದರೆ ಮಂಡಿ ನೋವಿದೆ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಡಿಸೆಂಬರ್ ಒಳ್ಳೆಯದೋ, ಜನವರಿಯೋ? ಅಷ್ಟು ಚಳಿಗೆ ಅವರನ್ನು ಕರೆದುಕೊಂಡು ಹೋಗುವುದು ಸರಿಯೇ?

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಸಂಗೀತ ಪ್ರೀತಿಸುವವರಿಗೆ ಆಸ್ಟ್ರಿಯಾದ ವಿಯೆನ್ನಾ ನೋಡಲು ಚಳಿಗಾಲವೇ ಸರಿಯಾದ ಕಾಲ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಅಲ್ಲಿನ ಸ್ಟೇಟ್ ಒಪೇರಾ (ಹಾಡಿನಲ್ಲೇ ನಡೆಯುವ ನಾಟಕಗಳ ಸರ್ಕಾರಿ ರಂಗಮಂದಿರ) ಬಾಗಿಲು ಹಾಕಿರುತ್ತದೆ. ಚಳಿಗಾಲದಲ್ಲಿ ಹೆಚ್ಚುಕಮ್ಮಿ ಪ್ರತಿ ರಾತ್ರಿ ಕಾರ್ಯಕ್ರಮ ಇರುತ್ತದೆ. ಆದರೆ ಪ್ರಾಗ್ ಮತ್ತು ಬುಡಾಪೆಸ್ಟ್ ಅನ್ನು ಈ ಸಲ ಬಿಟ್ಟುಬಿಡಿ.

ಯಾಕೆ ಅಂತ ಹೇಳ್ತೀನಿ. ವಿಯೆನ್ನಾದಿಂದ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಬುಡಾಪೆಸ್ಟ್‌ಗೆ ಎರಡೂವರೆ ಗಂಟೆಗೂ ಸ್ವಲ್ಪ ಜಾಸ್ತಿ. ಕೇಳೋಕೆ ಹತ್ತಿರವೇ. ಆದರೆ ಹೋಟೆಲ್ ಖಾಲಿ ಮಾಡಿ, ಪೆಟ್ಟಿಗೆ ಎಳೆದುಕೊಂಡು ಸ್ಟೇಷನ್‌ಗೆ ಹೋಗಿ, ಆ ಊರಲ್ಲಿ ಇಳಿದು, ರೂಮು ಹುಡುಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಹಗಲು ಮುಗಿದಿರುತ್ತದೆ. ಡಿಸೆಂಬರ್ ಮೂರನೇ ವಾರದಲ್ಲಿ ವಿಯೆನ್ನಾದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7:40ರ ಸುಮಾರಿಗೆ. ಮುಳುಗುವುದು ಸಂಜೆ ನಾಲ್ಕು ಗಂಟೆ ದಾಟುತ್ತಿದ್ದ ಹಾಗೆ. ಇರುವ ಎಂಟೂ ಚಿಲ್ಲರೆ ಗಂಟೆ ಬೆಳಕನ್ನು ರೈಲಿನ ಕಿಟಕಿಯಲ್ಲಿ ಕಳೆಯುವುದು ಯಾಕೆ? ಪ್ರಾಗ್ ಹಳೇ ಊರಿನ ರಸ್ತೆಗಳೆಲ್ಲ ಕಲ್ಲುಹಾಸು, ಏರುತಗ್ಗು ಬೇರೆ. ಮಂಡಿ ನೋವಿದ್ದವರಿಗೆ ಚಳಿಗಾಲದಲ್ಲಿ ಅದು ಕಷ್ಟ. ವಿಯೆನ್ನಾದ ನಡು ಊರು ಬಹುಪಾಲು ಸಮತಟ್ಟು. ಮೆಟ್ರೋ ಸ್ಟೇಷನ್‌ಗಳಲ್ಲೆಲ್ಲ ಲಿಫ್ಟ್ ಇದೆ, ಟ್ರಾಮ್‌ಗಳು ಹೆಚ್ಚಿನವು ನೆಲಮಟ್ಟಕ್ಕೇ ಬಂದು ನಿಲ್ಲುತ್ತವೆ.

ಇನ್ನು ತಿಂಗಳ ವಿಷಯ. ಡಿಸೆಂಬರ್ ಅಂದ ತಕ್ಷಣ ಎಲ್ಲರೂ ಹೇಳುವುದು ಕ್ರಿಸ್ಮಸ್ ಮಾರ್ಕೆಟ್. ನವೆಂಬರ್ ಮಧ್ಯದಿಂದ ಡಿಸೆಂಬರ್ 26ರವರೆಗೆ ಊರ ತುಂಬ ಮರದ ಅಂಗಡಿಗಳು, ದೀಪಗಳು. ಚೆನ್ನಾಗಿರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅಲ್ಲಿ ಕೂರಲು ಜಾಗವಿರುವುದಿಲ್ಲ. ಎಲ್ಲರೂ ನಿಂತೇ ಕುಡಿಯುತ್ತಾರೆ, ನಿಂತೇ ತಿನ್ನುತ್ತಾರೆ. ತಿನ್ನುವ ಪದಾರ್ಥಗಳಲ್ಲಿ ಮುಕ್ಕಾಲು ಪಾಲು ಮಾಂಸ ಅಥವಾ ಮೊಟ್ಟೆ ಹಾಕಿದ ಸಿಹಿ. ಸಿಟಿ ಹಾಲ್ ಮುಂದಿನ ದೊಡ್ಡ ಮಾರ್ಕೆಟ್‌ನಲ್ಲಿ ಶನಿವಾರ ಸಂಜೆ ಹೆಜ್ಜೆ ಇಡಲೂ ಆಗುವುದಿಲ್ಲ. ಹೋಟೆಲ್ ದರವೂ ಏರಿರುತ್ತದೆ. ಡಿಸೆಂಬರ್ 24ರ ಮಧ್ಯಾಹ್ನ ಅಂಗಡಿಗಳು ಮುಚ್ಚಿದರೆ ಮತ್ತೆ ತೆರೆಯುವುದು 27ಕ್ಕೆ. ಅದು ಅವರಿಗೆ ಮನೆಯ ಹಬ್ಬ, ಮನೆಯೊಳಗೇ ಇರುತ್ತಾರೆ. ಹೊರಗಿನಿಂದ ಬಂದವರಿಗೆ 24ರ ರಾತ್ರಿ ಊಟ ಸಿಗುವುದೇ ಕಷ್ಟ. ಒಪೇರಾಗೂ ಅವತ್ತು ರಜೆ.

ನಿಮ್ಮ ಅಮ್ಮನನ್ನು ನೆನೆಸಿಕೊಂಡು ಹೇಳುವುದಾದರೆ, ಜನವರಿ ಮೂರು ಅಥವಾ ನಾಲ್ಕನೇ ವಾರ ಹೋಗಿ. ಜನವರಿ 6ರ ಹಬ್ಬ ಮುಗಿದ ಮೇಲೆ ಊರು ಅಲ್ಲಿನವರಿಗೆ ವಾಪಸ್ ಸಿಗುತ್ತದೆ. ರೂಮು ಅಗ್ಗ, ಅರಮನೆಯಲ್ಲಿ ನೂಕುನುಗ್ಗಲು ಇಲ್ಲ. ತಿಂಗಳ ಕೊನೆಗೆ ಸೂರ್ಯ ಮುಳುಗುವುದು ಸಂಜೆ 4:45ರ ಹೊತ್ತಿಗೆ, ಅಂದರೆ ಮುಕ್ಕಾಲು ಗಂಟೆ ಬೆಳಕು ಜಾಸ್ತಿ. ಬಾಲ್ ನೃತ್ಯದ ಕಾಲವೂ ಅದೇ. ವೈದ್ಯರು, ವಕೀಲರು, ಕಾಫಿ ಹೌಸ್ ಮಾಲೀಕರು ಹೀಗೆ ಒಂದೊಂದು ವೃತ್ತಿಯವರೂ ತಮ್ಮದೇ ಬಾಲ್ ಏರ್ಪಡಿಸುತ್ತಾರೆ. ಸಂಜೆ ಮೆಟ್ರೋದಲ್ಲಿ ನಿಮ್ಮ ಪಕ್ಕದ ಸೀಟಿನಲ್ಲಿ ನೆಲ ಮುಟ್ಟುವ ರೇಷ್ಮೆ ಗೌನು ಉಟ್ಟ ಅಜ್ಜಿ ಬಂದು ಕೂರಬಹುದು. ನಿಮ್ಮ ಅಮ್ಮ ಮೈಸೂರು ರೇಷ್ಮೆ ಸೀರೆ ತೆಗೆದುಕೊಂಡು ಹೋಗಲಿ. ಒಪೇರಾಗೆ ಅದಕ್ಕಿಂತ ಒಳ್ಳೆಯ ಉಡುಪು ಇಲ್ಲ.

ಮಾರ್ಕೆಟ್ ನೋಡಲೇಬೇಕು ಅಂತ ಮನಸ್ಸು ಎಳೆಯುತ್ತಿದ್ದರೆ ಡಿಸೆಂಬರ್ ಮೊದಲ ಎರಡು ವಾರದೊಳಗೆ ಹೋಗಿ. ಸೋಮವಾರದಿಂದ ಗುರುವಾರದೊಳಗೆ, ಮಧ್ಯಾಹ್ನ ಮೂರೂವರೆಗೆ ಕಾರ್ಲ್ಸ್‌ಪ್ಲಾಟ್ಸ್ ಚರ್ಚಿನ ಮುಂದಿನ ಮಾರ್ಕೆಟ್‌ಗೆ ಹೋದರೆ ಬೆಳಕಿನಲ್ಲೂ ನೋಡಬಹುದು, ದೀಪ ಹತ್ತುವುದನ್ನೂ ನೋಡಬಹುದು. ಅಮ್ಮನಿಗೆ ‘ಕಿಂಡರ್‌ಪುನ್ಶ್’ ಕೇಳಿ. ಮಕ್ಕಳಿಗೆಂದು ಮಾಡುವ ಬಿಸಿ ಹಣ್ಣಿನ ಪಾನೀಯ, ಮದ್ಯ ಇರುವುದಿಲ್ಲ. ಬರೀ ‘ಪುನ್ಶ್’ ಅಂದರೆ ಸಾಮಾನ್ಯವಾಗಿ ಮದ್ಯ ಇರುತ್ತದೆ. ಲೋಟಕ್ಕೆ ಮುಂಗಡ ಹಿಡಿದುಕೊಳ್ಳುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ಬರುತ್ತದೆ.

ಚಳಿಯ ಬಗ್ಗೆ ಭಯ ಬೇಡ, ತಯಾರಿ ಬೇಕು. ಆ ತಿಂಗಳುಗಳಲ್ಲಿ ಹಗಲು ಮೂರ್ನಾಲ್ಕು ಡಿಗ್ರಿ, ರಾತ್ರಿ ಸೊನ್ನೆಗಿಂತ ಸ್ವಲ್ಪ ಕೆಳಗೆ. ಕೆಲವು ದಿನ ಇನ್ನೂ ಇಳಿಯಬಹುದು. ಹಿಮ ಬೀಳಲೇಬೇಕು ಅಂತೇನಿಲ್ಲ, ಅದನ್ನೇ ನಂಬಿಕೊಂಡು ಹೋಗಬೇಡಿ. ನಿಜವಾಗಿ ಕಾಡುವುದು ಗಾಳಿ. ನಮ್ಮವರು ಮಾಡುವುದು ಏನಂದರೆ, ದಪ್ಪ ಉಣ್ಣೆ ಸ್ವೆಟರ್ ಎರಡು ಹಾಕಿಕೊಂಡು ಹೊರಡುವುದು. ಸ್ವೆಟರ್ ಗಾಳಿ ತಡೆಯುವುದಿಲ್ಲ. ಒಳಗೆ ಮ್ಯೂಸಿಯಂ, ಅಂಗಡಿ, ಟ್ರಾಮ್ ಎಲ್ಲಾ ಕಡೆ ಹೀಟರ್ ಇರುವುದರಿಂದ ಬೆವರು ಸುರಿಯುತ್ತದೆ. ಬೆವರಿದ ಮೈಯಲ್ಲಿ ಮತ್ತೆ ಹೊರಗೆ ಬಂದಾಗ ಚಳಿ ಹಿಡಿಯುತ್ತದೆ. ಮೈಗೆ ಅಂಟುವ ಥರ್ಮಲ್, ಮೇಲೆ ಒಂದು ತೆಳು ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಉದ್ದನೆಯ ಕೋಟು. ಇಷ್ಟೇ. ಕೋಟು ಸುಲಭವಾಗಿ ಬಿಚ್ಚುವಂತಿರಲಿ. ದೊಡ್ಡ ಮ್ಯೂಸಿಯಂ, ಥಿಯೇಟರ್‌ಗಳಲ್ಲಿ ಕೋಟು ಇಡಲೆಂದೇ ಕೌಂಟರ್ ಇದೆ, ಅದಕ್ಕೆ ‘ಗಾರ್ಡೆರೋಬೆ’ ಅಂತಾರೆ. ಒಪೇರಾದಲ್ಲಿ ಕೋಟು ಅಲ್ಲಿ ಬಿಟ್ಟೇ ಒಳಗೆ ಹೋಗಬೇಕು.

ಅಮ್ಮನ ಚಪ್ಪಲಿ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಕಣಕಾಲು ಮುಚ್ಚುವ, ಅಡಿಯಲ್ಲಿ ಹಿಡಿತ ಇರುವ, ನೀರು ಒಳಗೆ ಬಿಡದ ಬೂಟು ಬೇಕು. ಹೊರಡುವ ಒಂದು ತಿಂಗಳ ಮುಂಚೆಯೇ ಕೊಂಡು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ನಡೆದು ಪಳಗಿಸಿಕೊಳ್ಳಲಿ. ಸೀರೆ ಉಡುವವರಾದರೆ ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿಕೊಳ್ಳಬಹುದು, ಹೊರಗೆ ಯಾರಿಗೂ ಕಾಣುವುದಿಲ್ಲ. ತುಟಿ, ಕೈ ಒಡೆಯುತ್ತವೆ. ಕೊಬ್ಬರಿ ಎಣ್ಣೆ ಗಟ್ಟಿಯಾಗಿಬಿಡುವುದರಿಂದ ಕ್ರೀಮ್ ಇಟ್ಟುಕೊಳ್ಳಿ.

ದಿನದ ಲೆಕ್ಕ ಹೀಗಿರಲಿ: ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬೆಳಕಿನ ಕೆಲಸ, ಕತ್ತಲಾದ ಮೇಲೆ ಒಳಗಿನ ಕೆಲಸ. ನಡುವೆ ಒಂದು ಕಾಫಿ. ಬಂದ ದಿನ ಏನೂ ಇಟ್ಟುಕೊಳ್ಳಬೇಡಿ. ಸಂಜೆ ಒಪೇರಾ ಎದುರು 1ನೇ ನಂಬರ್ ಟ್ರಾಮ್ ಹತ್ತಿ, ಶ್ವೇಡನ್‌ಪ್ಲಾಟ್ಸ್ ವರೆಗೆ ಕಿಟಕಿ ಪಕ್ಕ ಕೂತು ಬನ್ನಿ. ಅದು ರಿಂಗ್ ರಸ್ತೆ. ಮೊದಲು ಅಲ್ಲಿ ಊರಿನ ಕೋಟೆ ಗೋಡೆ ಇತ್ತು. 1857ರಲ್ಲಿ ದೊರೆ ಫ್ರಾಂಜ್ ಜೋಸೆಫ್ ಅದನ್ನು ಕೆಡವಲು ಅಪ್ಪಣೆ ಕೊಟ್ಟ. 1865ರಲ್ಲಿ ರಸ್ತೆ ಉದ್ಘಾಟನೆಯಾಯಿತು. ಮ್ಯೂಸಿಯಂ, ಗ್ರೀಕ್ ಶೈಲಿಯ ಪಾರ್ಲಿಮೆಂಟು, ಗೋಪುರಗಳ ಸಿಟಿ ಹಾಲ್, ಯೂನಿವರ್ಸಿಟಿ ಎಲ್ಲವೂ ದೀಪ ಹಾಕಿಕೊಂಡು ಒಂದಾದ ಮೇಲೊಂದು ಬರುತ್ತವೆ. ಮಂಡಿಗೆ ಶ್ರಮವೇ ಇಲ್ಲ.

ಶೋನ್‌ಬ್ರುನ್ ಅರಮನೆಗೆ ಬೆಳಗಿನ ಮೊದಲ ಸಮಯದ ಟಿಕೆಟ್ ತೆಗೆದುಕೊಳ್ಳಿ. U4 ಮೆಟ್ರೋ ಅದರ ಹತ್ತಿರಕ್ಕೇ ಹೋಗುತ್ತದೆ. ಸಂಗೀತಗಾರ ಮೊಜಾರ್ಟ್ ಆರು ವರ್ಷದವನಿದ್ದಾಗ 1762ರಲ್ಲಿ ರಾಣಿ ಮರಿಯಾ ತೆರೇಸಾ ಎದುರು ನುಡಿಸಿದ್ದು ಇಲ್ಲೇ. ಹಿಂದಿನ ಗುಡ್ಡದ ಮೇಲಿನ ಗ್ಲೋರಿಯೆಟ್ ಮಂಟಪಕ್ಕೆ ನೀವಿಬ್ಬರು ಹತ್ತಿ ಬನ್ನಿ, ಅಮ್ಮ ಅರಮನೆ ಅಂಗಳದ ಕಾಫಿ ಅಂಗಡಿಯಲ್ಲಿ ಬೆಚ್ಚಗೆ ಕೂರಲಿ. ಸೇಂಟ್ ಸ್ಟೀಫನ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ಉತ್ತರ ಗೋಪುರಕ್ಕೆ ಲಿಫ್ಟ್ ಇದೆ, ಅದೇ ಸಾಕು. ಬಣ್ಣದ ಹೆಂಚಿನ ಚಾವಣಿ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಒಂದು ಸಂಜೆಯನ್ನು ಪೂರ್ತಿ ಕುನ್ಸ್ಟ್‌ಹಿಸ್ಟೋರಿಶಸ್ ಅನ್ನುವ ಕಲಾ ಮ್ಯೂಸಿಯಂಗೆ ಕೊಡಿ. ಗುರುವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಚಳಿಗಾಲದಲ್ಲಿ ಸಾಮಾನ್ಯವಾಗಿ ಸೋಮವಾರ ರಜೆ, ಹಾಗಾಗಿ ದಿನ ನೋಡಿಕೊಂಡು ಹೋಗಿ. ಎಲ್ಲವನ್ನೂ ನೋಡಲು ಹೋದರೆ ಕಾಲು ಸೋಲುತ್ತದೆ. ನೇರವಾಗಿ ಚಿತ್ರಕಾರ ಬ್ರೂಗಲ್‌ನ ಕೋಣೆಗೆ ಹೋಗಿ, ನಡುವೆ ಇರುವ ಸೋಫಾದಲ್ಲಿ ಕೂತುಕೊಳ್ಳಿ. ಅಲ್ಲಿ 1565ರಲ್ಲಿ ಬರೆದ ಹಿಮದ ಚಿತ್ರ ಒಂದಿದೆ. ಮೂವರು ಬೇಟೆಗಾರರು ತಲೆ ತಗ್ಗಿಸಿಕೊಂಡು ಊರಿಗೆ ವಾಪಸ್ ಬರುತ್ತಿದ್ದಾರೆ. ಬೆನ್ನ ಮೇಲೆ ಬೇಟೆ ಅಂತ ಇರುವುದು ಒಂದೇ ಒಂದು ನರಿ. ನಾಯಿಗಳೂ ಸೋತು ಹಿಂದೆ ಬರುತ್ತಿವೆ. ಎಡಕ್ಕೆ ಹೆಂಗಸರು, ಗಂಡಸರು ಬಯಲಲ್ಲಿ ಬೆಂಕಿ ಹಾಕಿಕೊಂಡಿದ್ದಾರೆ, ಗಾಳಿಗೆ ಜ್ವಾಲೆ ಓರೆಯಾಗಿದೆ. ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಚುಕ್ಕಿಗಳಷ್ಟು ಸಣ್ಣ ಜನ ಜಾರಾಡುತ್ತಿದ್ದಾರೆ. ಹತ್ತಿರ ಹೋದರೆ ಒಬ್ಬ ಬಿದ್ದಿರುವುದೂ ಕಾಣುತ್ತದೆ. ಹೊರಗೆ ಅದೇ ಚಳಿ ಅನುಭವಿಸಿ ಬಂದು ಈ ಚಿತ್ರ ನೋಡಿದರೆ, ಆಕಾಶಕ್ಕೆ ಬ್ರೂಗಲ್ ಯಾಕೆ ಆ ಹಸಿರು ಮಿಶ್ರಿತ ಬೂದು ಬಣ್ಣ ಹಾಕಿದ ಅಂತ ತಾನಾಗಿ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಇದು ಸಿಗುವುದಿಲ್ಲ.

ಈಗ ಸಂಗೀತ. ಸ್ಟೀಫನ್ ಚರ್ಚಿನ ಸುತ್ತ ಮೊಜಾರ್ಟ್ ಕಾಲದ ವಿಗ್, ಕೆಂಪು ಕೋಟು ಹಾಕಿಕೊಂಡ ಹುಡುಗರು ಕಚೇರಿ ಟಿಕೆಟ್ ಮಾರುತ್ತಾ ಮೇಲೆ ಬೀಳುತ್ತಾರೆ. ತೆಗೆದುಕೊಳ್ಳಬೇಡಿ. ಅವು ಪ್ರವಾಸಿಗರಿಗೆಂದೇ ಮಾಡುವ ಕಾರ್ಯಕ್ರಮಗಳು, ಬೆಲೆಯೂ ಜಾಸ್ತಿ. ನಿಮ್ಮ ಅಮ್ಮನಂಥ ಕೇಳುಗರಿಗೆ ಸ್ಟೇಟ್ ಒಪೇರಾ ಅಥವಾ ಮ್ಯೂಸಿಕ್‌ಫೆರೈನ್ ಅನ್ನುವ ಕಚೇರಿ ಮಂದಿರದ ‘ಚಿನ್ನದ ಸಭಾಂಗಣ’ ಬೇಕು. ಮ್ಯೂಸಿಕ್‌ಫೆರೈನ್ 1870ರದು. ಹೊಸ ವರ್ಷದ ದಿನ ಟೀವಿಯಲ್ಲಿ ತೋರಿಸುವ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಕಚೇರಿ ನಡೆಯುವುದು ಅಲ್ಲೇ. ಆ ಕಚೇರಿಯ ಟಿಕೆಟ್‌ಗೆ ಲಾಟರಿ ಎತ್ತುತ್ತಾರೆ, ಅದರ ಆಸೆ ಬಿಡಿ. ಆದರೆ ಅದೇ ಹಾಲ್‌ನಲ್ಲಿ ಜನವರಿ ಪೂರ್ತಿ ಬೇರೆ ಕಚೇರಿಗಳಿರುತ್ತವೆ, ಆ ಹಾಲ್‌ನ ನಾದ ಒಂದೇ.

ಒಪೇರಾಕ್ಕೆ ಅಮ್ಮನಿಗೆ ಕೂರುವ ಸೀಟು ಮುಂಚೆಯೇ ಕಾಯ್ದಿರಿಸಿ, ಅಧಿಕೃತ ವೆಬ್‌ಸೈಟ್‌ನಲ್ಲೇ. ಎಲ್ಲ ಸೀಟೂ ದುಬಾರಿ ಅಲ್ಲ. ವೇದಿಕೆ ಪೂರ್ತಿ ಕಾಣದ ಪಕ್ಕದ ಸೀಟುಗಳು ಕಡಿಮೆಗೆ ಸಿಗುತ್ತವೆ, ಕೇಳುವುದೇ ಮುಖ್ಯವಾದವರಿಗೆ ಅವು ಸಾಕು. ಪ್ರತಿ ಸೀಟಿನ ಮುಂದೆ ಪುಟ್ಟ ಪರದೆ ಇದೆ, ಹಾಡಿನ ಅರ್ಥ ಇಂಗ್ಲಿಷ್‌ನಲ್ಲಿ ಓದಿಕೊಳ್ಳಬಹುದು. ಈ ಕಟ್ಟಡ ಮೊದಲು ಬಾಗಿಲು ತೆರೆದದ್ದು 1869ರಲ್ಲಿ. 1945ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಸುಟ್ಟುಹೋಯಿತು. ಯುದ್ಧದಲ್ಲಿ ಸೋತು, ಹಸಿವಿನಲ್ಲಿದ್ದ ಊರು ಅದನ್ನು ಮತ್ತೆ ಕಟ್ಟಿ 1955ರ ನವೆಂಬರ್‌ನಲ್ಲಿ ಬೀಥೋವನ್‌ನ ಫಿಡೆಲಿಯೋ ಒಪೇರಾ ಹಾಡಿಸಿ ಬಾಗಿಲು ತೆರೆಯಿತು. ನೀವಿಬ್ಬರು ಇನ್ನೊಂದು ರಾತ್ರಿ ನಿಂತು ನೋಡುವ ಟಿಕೆಟ್ ತೆಗೆದುಕೊಳ್ಳಬಹುದು. ಅವು ಆಯಾ ದಿನವೇ ಮಾರಾಟವಾಗುತ್ತವೆ, ಬೆಲೆ ಬಹಳ ಕಡಿಮೆ. ಒಳಗೆ ಹೋದ ಕೂಡಲೇ ಕಂಬಿಗೆ ನಿಮ್ಮ ಸ್ಕಾರ್ಫ್ ಕಟ್ಟಿ. ಅಷ್ಟಾದರೆ ಆ ಜಾಗ ನಿಮ್ಮದು, ಹೊರಗೆ ಹೋಗಿ ಬರಬಹುದು. ತಲೆಮಾರುಗಳಿಂದ ನಡೆದು ಬಂದ ಪದ್ಧತಿ, ಯಾರೂ ಮುಟ್ಟುವುದಿಲ್ಲ. ಅಮ್ಮನಿಗೆ ಒಂದು ಮಾತು ಹೇಳಿಡಿ: ಮ್ಯೂಸಿಕ್‌ಫೆರೈನ್‌ನಂಥ ಕಡೆ ಕಚೇರಿ ನಡುವೆ ತಾಳ ಹಾಕುವುದು, ‘ಭಲೇ’ ಅನ್ನುವುದು ಇಲ್ಲ. ಒಂದು ಕೃತಿಯ ಎಲ್ಲ ಭಾಗಗಳೂ ಮುಗಿದ ಮೇಲೇ ಚಪ್ಪಾಳೆ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅವತ್ತು ಬೆಳಿಗ್ಗೆ 11 ಗಂಟೆಗೆ ಹೋಫ್‌ಬುರ್ಗ್ ಅರಮನೆಗೆ ಅಂಟಿಕೊಂಡಿರುವ ಆಗಸ್ಟಿನರ್ ಚರ್ಚ್‌ಗೆ ಹೋಗಿ. ಆರ್ಕೆಸ್ಟ್ರಾ, ಗಾಯಕವೃಂದ ಸೇರಿ ಹೈಡನ್, ಮೊಜಾರ್ಟ್, ಶೂಬರ್ಟ್ ಬರೆದ ಪೂಜಾ ಸಂಗೀತವನ್ನು ಹಾಡುತ್ತಾರೆ. ಟಿಕೆಟ್ ಇಲ್ಲ. ಈ ಸಂಗೀತ ಹುಟ್ಟಿದ್ದೇ ಪೂಜೆಗಾಗಿ, ಅದನ್ನು ಪೂಜೆಯ ನಡುವೆಯೇ ಕೇಳುವುದು ಬೇರೆಯೇ ಅನುಭವ. ಅರ್ಧ ಗಂಟೆ ಮುಂಚೆ ಹೋದರೆ ಕೂರಲು ಜಾಗ ಸಿಗುತ್ತದೆ. ಅದು ಜನ ಪ್ರಾರ್ಥನೆ ಮಾಡುವ ಹೊತ್ತು, ಹಾಗಾಗಿ ಓಡಾಡುವುದು, ಫೋಟೋ ತೆಗೆಯುವುದು ಬೇಡ. ಚಳಿ ಇರುತ್ತದೆ, ಕೋಟು ಬಿಚ್ಚಬೇಡಿ. ಬಿಸಿಲಿದ್ದರೆ ಮಧ್ಯಾಹ್ನ 71ನೇ ಟ್ರಾಮ್ ಹಿಡಿದು ದೊಡ್ಡ ಸ್ಮಶಾನ ತ್ಸೆಂಟ್ರಾಲ್‌ಫ್ರೀಡ್‌ಹೋಫ್‌ಗೆ ಹೋಗಬಹುದು. ಬೀಥೋವನ್, ಶೂಬರ್ಟ್, ಬ್ರಾಮ್ಸ್ ಸಮಾಧಿಗಳು ಅಲ್ಲಿ ಅಕ್ಕಪಕ್ಕದಲ್ಲೇ ಇವೆ.

ಕಾಫಿ ಹೌಸ್‌ಗಳನ್ನು ವಿಶ್ರಾಂತಿಯ ಜಾಗ ಅಂತಲೇ ಲೆಕ್ಕ ಹಾಕಿಕೊಳ್ಳಿ. ಹೆಸರಾಂತ ಕೆಫೆ ಸೆಂಟ್ರಲ್ ಮುಂದೆ ಹೊರಗೆ ಚಳಿಯಲ್ಲಿ ಕ್ಯೂ ನಿಲ್ಲಬೇಕಾಗುತ್ತದೆ. ಅದರ ಬದಲು 1880ರಿಂದ ಇರುವ ಕೆಫೆ ಸ್ಪೆರ್ಲ್‌ಗೆ ಹೋಗಿ. ‘ಮೆಲಾಂಜ್’ ಕೇಳಿದರೆ ಹಾಲಿನ ನೊರೆಯ ಕಾಫಿ ಬರುತ್ತದೆ. ಬೆಳ್ಳಿ ಬಣ್ಣದ ಸಣ್ಣ ತಟ್ಟೆ, ಅದರಲ್ಲಿ ಕಾಫಿ ಕಪ್, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಮೇಲೆ ಅಡ್ಡಲಾಗಿ ಒಂದು ಚಮಚ. ನಮ್ಮ ಫಿಲ್ಟರ್ ಕಾಫಿಯ ಕಡಕ್ ರುಚಿ ಅದಕ್ಕಿಲ್ಲ. ಆದರೆ ಒಂದೇ ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ, ಬಿಲ್ಲು ಕೇಳುವವರೆಗೆ ತರುವುದೂ ಇಲ್ಲ. ಮಂಡಿ ನೋವಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಆ ನೀರೂ ನಲ್ಲಿ ನೀರೇ. 1873ರಿಂದ ಆಲ್ಪ್ಸ್ ಬೆಟ್ಟದ ಒರತೆ ನೀರು ಕಾಲುವೆಯಲ್ಲಿ ಇಳಿದು ಊರಿಗೆ ಬರುತ್ತದೆ. ಹೋಟೆಲ್ ನಲ್ಲಿಯಿಂದಲೇ ಕುಡಿಯಿರಿ, ಬಾಟಲಿಗೆ ದುಡ್ಡು ಹಾಕಬೇಡಿ.

ಊಟದ ವಿಷಯಕ್ಕೆ ಬಂದರೆ ಹುಷಾರಾಗಿರಬೇಕು. ಅಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಸೇರಿದೆ ಅಂತಲೇ ಅರ್ಥ. ಜಾಖರ್ ಟೋರ್ಟೆ ಅನ್ನುವ ಚಾಕೊಲೇಟ್ ಕೇಕು, ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ದೋಸೆ ಚೂರುಗಳು ಎರಡರಲ್ಲೂ ಮೊಟ್ಟೆ ಇದೆ. ತಿಳಿ ಸೂಪು ನೋಡಲು ತರಕಾರಿಯದೇ ಅನಿಸಿದರೂ ಬಹಳ ಕಡೆ ದನದ ಮಾಂಸದ ಸಾರಿನಲ್ಲಿ ಮಾಡಿರುತ್ತಾರೆ. ‘ವೇಗನ್’ (ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲದ್ದು) ಅಂತ ಕೇಳುವುದು ಸುಲಭ ದಾರಿ. ಎಲ್ಲರಿಗೂ ಅರ್ಥವಾಗುತ್ತದೆ, ಮೊಟ್ಟೆಯೂ ಬಿಟ್ಟುಹೋಗುತ್ತದೆ. ಇಲ್ಲವೇ ‘ಓನೆ ಫ್ಲೈಶ್, ಓನೆ ಐ’ ಅನ್ನಿ, ಮಾಂಸ ಇಲ್ಲದೆ, ಮೊಟ್ಟೆ ಇಲ್ಲದೆ ಅಂತ. ನಾಶ್‌ಮಾರ್ಕ್ಟ್ ಅನ್ನುವ ಬಯಲು ಮಾರುಕಟ್ಟೆಯಲ್ಲಿ ಫಲಾಫೆಲ್ (ಕಾಬೂಲಿ ಕಡಲೆ ವಡೆ), ಹಮ್ಮಸ್ (ಅದೇ ಕಡಲೆಯ ಚಟ್ನಿ) ಧಾರಾಳ. ಬೀದಿ ಬದಿ ಗೂಡಂಗಡಿಯಲ್ಲಿ ಸುಟ್ಟ ಚೆಸ್ಟ್‌ನಟ್ ಬಿಸಿಬಿಸಿ ಕೊಡುತ್ತಾರೆ, ಅದಕ್ಕೆ ‘ಮರೋನಿ’ ಅಂತಾರೆ. ಅಮ್ಮನಿಗೆ ಹಿಡಿಸುತ್ತದೆ.

ಆದರೂ ಐದು ದಿನಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯುವುದೇ ಒಳ್ಳೆಯದು. ಅಕ್ಕಿ, ಮೊಸರು ಅಲ್ಲೇ ಸಿಗುತ್ತವೆ. ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ ಇಲ್ಲಿಂದ ತೆಗೆದುಕೊಂಡು ಹೋಗಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ಯೂರೋಪಿಯನ್ ಯೂನಿಯನ್ ಒಳಗೆ ತರುವಂತಿಲ್ಲ. ಹಸಿ ಕರಿಬೇವು, ವೀಳ್ಯದೆಲೆ ಕೂಡ ಪ್ರಮಾಣಪತ್ರ ಇಲ್ಲದೆ ತರುವಂತಿಲ್ಲ. ಭಾನುವಾರ ಏನಾದರೂ ಬೇಕಾದರೆ ದೊಡ್ಡ ರೈಲು ಸ್ಟೇಷನ್‌ಗಳ ಒಳಗಿನ ಸೂಪರ್ ಮಾರ್ಕೆಟ್ ತೆರೆದಿರುತ್ತದೆ.

ಅಪಾರ್ಟ್‌ಮೆಂಟ್ ಬುಕ್ ಮಾಡುವ ಮುಂಚೆ ಲಿಫ್ಟ್ ಇದೆಯಾ ಅಂತ ಕೇಳಿ, ಮೆಸೇಜ್‌ನಲ್ಲೇ ಉತ್ತರ ಪಡೆಯಿರಿ. ಹಳೇ ವಿಯೆನ್ನಾ ಕಟ್ಟಡಗಳಲ್ಲಿ ನೆಲಮಹಡಿ ಆದ ಮೇಲೆ ‘ಹೋಖ್‌ಪಾರ್ಟರ್’, ‘ಮೆಜಾನಿನ್’ ಅಂತ ಬೇರೆ ಮಹಡಿಗಳು ಬಂದು, ಆಮೇಲೆ ‘ಒಂದನೇ ಮಹಡಿ’ ಶುರುವಾಗುವುದುಂಟು. ಒಂದನೇ ಮಹಡಿ ತಾನೇ ಅಂದುಕೊಂಡರೆ ಅಮ್ಮ ಮೂರು ಮಹಡಿ ಹತ್ತಬೇಕಾಗುತ್ತದೆ. ನಡು ಊರಿನ ಒಂದನೇ ಡಿಸ್ಟ್ರಿಕ್ಟ್ (ನಮ್ಮ ವಾರ್ಡ್ ಇದ್ದ ಹಾಗೆ) ದುಬಾರಿ. 4, 6 ಅಥವಾ 7ನೇ ಡಿಸ್ಟ್ರಿಕ್ಟ್‌ನಲ್ಲಿ ಮೆಟ್ರೋ ಹತ್ತಿರ ನೋಡಿ. ಓಡಾಟಕ್ಕೆ ವಾರದ ಪಾಸ್ ತೆಗೆದುಕೊಳ್ಳಿ. ಮೆಟ್ರೋದಲ್ಲಿ ಗೇಟು ಇಲ್ಲ, ಹಾಗಂತ ಟಿಕೆಟ್ ಇಲ್ಲದೆ ಹತ್ತಬೇಡಿ. ಸಾದಾ ಬಟ್ಟೆಯಲ್ಲಿ ತಪಾಸಣೆಯವರು ಬರುತ್ತಾರೆ, ದಂಡ ನೂರು ಯೂರೋಗಿಂತ ಜಾಸ್ತಿ. ಏರ್‌ಪೋರ್ಟ್‌ನಿಂದ ಊರಿಗೆ ಹೆಚ್ಚು ದರದ ವಿಶೇಷ ರೈಲು ಬೇಕಿಲ್ಲ. S7 ಲೋಕಲ್ ರೈಲು ಸುಮಾರು 25 ನಿಮಿಷಕ್ಕೆ ನಡು ಊರಿನ ವೀನ್ ಮಿಟ್ಟೆ ಸ್ಟೇಷನ್‌ಗೆ ತಲುಪಿಸುತ್ತದೆ.

ಎಲ್ಲಕ್ಕಿಂತ ಮೊದಲು ವೀಸಾ. ಆಸ್ಟ್ರಿಯಾದ ಷೆಂಗೆನ್ ವೀಸಾ (ಯೂರೋಪಿನ ಬಹಳಷ್ಟು ದೇಶಗಳಿಗೆ ನಡೆಯುವ ಒಂದೇ ವೀಸಾ) ಅರ್ಜಿಯನ್ನು, ವೀಸಾ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ ವಿಎಫ್‌ಎಸ್‌ನ ಬೆಂಗಳೂರು ಕೇಂದ್ರದಲ್ಲಿ ಕೊಡಬಹುದು. ಹೊರಡುವ ಆರು ತಿಂಗಳ ಮುಂಚೆಯಿಂದಲೇ ಅರ್ಜಿ ಹಾಕಬಹುದು, ತಡ ಅಂದರೆ 15 ದಿನ ಮುಂಚೆ. ಆದರೆ ಚಳಿಗಾಲದ ರಜೆಗೆ ಅಪಾಯಿಂಟ್‌ಮೆಂಟ್ ಬೇಗ ತುಂಬುತ್ತವೆ. ಜನವರಿಗೆ ಹೋಗುವುದಾದರೆ ಅಕ್ಟೋಬರ್‌ನಲ್ಲೇ ಕೂತುಕೊಳ್ಳಿ. ದೊಡ್ಡವರಿಗೆ ಶುಲ್ಕ 90 ಯೂರೋ, ಮೇಲೆ ಸೇವಾ ಶುಲ್ಕ, ವೀಸಾ ಸಿಗದಿದ್ದರೂ ವಾಪಸ್ ಬರುವುದಿಲ್ಲ. ಪಾಸ್‌ಪೋರ್ಟ್ ಅವಧಿ ನೀವು ವಾಪಸ್ ಹೊರಡುವ ದಿನದಿಂದ ಕನಿಷ್ಠ ಮೂರು ತಿಂಗಳು ಮುಂದಕ್ಕಿರಬೇಕು. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅಮ್ಮನ ವಿಮೆ ಕೊಳ್ಳುವಾಗ ಅಗ್ಗದ್ದು ಹುಡುಕಬೇಡಿ. ಮೊದಲೇ ಇರುವ ಕಾಯಿಲೆ ಸೇರುತ್ತದೆಯಾ ಅಂತ ಪಾಲಿಸಿ ಕಾಗದ ಓದಿ ನೋಡಿ. ಬಿಪಿ, ಮಂಡಿ ನೋವಿನ ಮಾತ್ರೆಗಳು ಡಾಕ್ಟರ ಚೀಟಿ ಜೊತೆ ಕೈಚೀಲದಲ್ಲೇ ಇರಲಿ. ವೀಸಾ ಬರುವವರೆಗೆ ರೂಮು ರದ್ದು ಮಾಡಬಹುದಾದ ಷರತ್ತಿನಲ್ಲೇ ತೆಗೆದುಕೊಳ್ಳಿ. ಒಪೇರಾ ಟಿಕೆಟ್ ಮಾತ್ರ ವೀಸಾಕ್ಕೆ ಕಾಯುತ್ತಾ ಕೂತರೆ ಕೈತಪ್ಪುತ್ತದೆ, ಅಮ್ಮನ ಒಂದು ಸೀಟು, ಜೊತೆಗೆ ನಿಮ್ಮಲ್ಲಿ ಒಬ್ಬರದು ಮೊದಲೇ ತೆಗೆದಿಡಿ.